ತಂಗಿಯ ಸಹಿ

ಸೋದರಳಿಯ: ಅತ್ತೆ, ಗುರುವಾರ ತಂಗಿ ಊರಿಗೆ ಬರ್ತಾಳೆ. ಅವತ್ತೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡೋಣ ಅಂತ ನಾನೂ ತಮ್ಮನೂ ಮಾತಾಡಿಕೊಂಡಿದೀವಿ. ಪತ್ರ ಬರೆಯೋರು ಕರಡು ಕೊಟ್ಟಿದಾರೆ. ನೀವೊಂದು ಸಲ ಕಣ್ಣಾಡಿಸಿದ್ರೆ ಧೈರ್ಯ.

ಅತ್ತೆ: ಅಣ್ಣನ ತಿಥಿ ಮುಗಿದು ತಿಂಗಳು ತುಂಬಿಲ್ಲ. ಇಷ್ಟು ಅವಸರ ಯಾಕಪ್ಪ?

ಸೋದರಳಿಯ: ಪೌತಿ ಖಾತೆ ಆಗಬೇಕಲ್ಲ. ಪಹಣಿ ಅಪ್ಪನ ಹೆಸರಲ್ಲೇ ಇದ್ರೆ ಸೊಸೈಟಿಯಲ್ಲಿ ಬೆಳೆಸಾಲ ಹುಟ್ಟಲ್ಲ, ಬೆಳೆ ಪರಿಹಾರವೂ ಬರಲ್ಲ. ತಂಗಿದೇನೂ ತಕರಾರಿಲ್ಲ. ಫೋನ್ ಮಾಡಿದಾಗ ‘ಸಹಿ ಎಲ್ಲಿ ಹಾಕಬೇಕು ಹೇಳಣ್ಣ, ಹಾಕ್ತೀನಿ’ ಅಂದ್ಲು.

ಅತ್ತೆ: ಏನು ಬಿಟ್ಟುಕೊಡ್ತಿದೀನಿ ಅಂತ ಅವಳಿಗೆ ಗೊತ್ತಾ?

ಸೋದರಳಿಯ: ಅದನ್ನ ಕೇಳಲಿಲ್ಲ.

ಅತ್ತೆ: ಆ ಫೈಲು ಕೊಡಿಲ್ಲಿ. ಇದೇನು, ವಂಶವೃಕ್ಷದ ಕರಡಾ? ಮೇಲೆ ನಮ್ಮಣ್ಣನ ಹೆಸರು, ಪಕ್ಕದಲ್ಲಿ ‘ಮೃತ’ ಅಂತ. ಕೆಳಗೆ ಅತ್ತಿಗೆ ಹೆಸರು. ಅಲ್ಲಿಂದ ಎರಡು ಗೆರೆ ಇಳಿದಿವೆ. ಒಂದರ ತುದೀಲಿ ನೀನು, ಇನ್ನೊಂದರ ತುದೀಲಿ ನಿನ್ನ ತಮ್ಮ. ಮೂರನೇ ಗೆರೆ ಎಲ್ಲಿ?

ಸೋದರಳಿಯ: ಮದುವೆಯಾಗಿ ಹೋದೋರನ್ನ ಹಾಕೋದು ಬೇಕಿಲ್ಲ ಅಂದ್ರು ಪತ್ರ ಬರೆಯೋರು.

ಅತ್ತೆ: ಹಾಗಿದ್ರೆ ಅವಳ ಕೈಲಿ ಬಿಡುಗಡೆ ಪತ್ರ ಯಾಕೆ ಬರೆಸ್ತೀರಿ? ಹಕ್ಕೇ ಇಲ್ಲದವಳು ಏನನ್ನ ಬಿಡ್ತಾಳೆ? ಒಂದು ಕಾಗದದಲ್ಲಿ ಅವಳು ನಮ್ಮ ಮನೆಯವಳೇ ಅಲ್ಲ ಅಂತೀರಿ, ಇನ್ನೊಂದು ಕಾಗದದಲ್ಲಿ ಮನೆ ಮಗಳು ಅಂತ ಸಹಿ ಕೇಳ್ತೀರಿ. ನಾನು ತಾಲೂಕು ಕೋರ್ಟಿನಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡಿದವಳು. ಭಾಗದ ದಾವೆಗಳಲ್ಲಿ ಅರ್ಧಕ್ಕರ್ಧ ಇಂಥ ವಂಶವೃಕ್ಷದಿಂದಲೇ ಶುರುವಾಗೋವು. ಬಿಟ್ಟ ಹೆಸರು ಕಾಗದದಿಂದ ಹೋಗುತ್ತೆ, ಕಾನೂನಿನಿಂದ ಹೋಗಲ್ಲ.

ಸೋದರಳಿಯ: ಖಾತೆ ನಮ್ಮಿಬ್ಬರ ಹೆಸರಿಗೆ ಆದ ಮೇಲೆ ಆಸ್ತಿ ನಮ್ಮದೇ ಅಲ್ವಾ?

ಅತ್ತೆ: ಅಲ್ಲ. ಖಾತೆ ಇರೋದು ಕಂದಾಯ ಯಾರು ಕಟ್ಟಬೇಕು ಅಂತ ಸರ್ಕಾರಕ್ಕೆ ಗೊತ್ತಾಗೋಕೆ. ಮ್ಯುಟೇಷನ್ ಆದ ಮಾತ್ರಕ್ಕೆ ಮಾಲೀಕತ್ವ ಹುಟ್ಟಲ್ಲ ಅಂತ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಆಸ್ತಿ ಇಳಿಯೋದು ಸತ್ತ ಕ್ಷಣದಲ್ಲಿ. ಅಣ್ಣನ ಉಸಿರು ನಿಂತಾಗಲೇ, ನೀವಿನ್ನೂ ಪುರೋಹಿತರಿಗೆ ಫೋನ್ ಮಾಡೋ ಮುಂಚೆಯೇ, ಅವನ ಪಾಲು ನಿಮ್ಮೆಲ್ಲರದೂ ಆಗಿಹೋಗಿತ್ತು. ಈ ಅರ್ಜಿ, ಪಹಣಿ, ವಂಶವೃಕ್ಷ ಎಲ್ಲ ಆಗಿಹೋದದ್ದನ್ನ ಬರೆದಿಡೋ ಕೆಲಸ. ಬ್ಯಾಂಕಿನ ನಾಮಿನಿ ವಿಷಯವೂ ಅಷ್ಟೇ. ಠೇವಣಿಗೆ ನಿನ್ನ ಹೆಸರು ಬರೆಸಿದಾನೆ ಅಂದ್ಯಲ್ಲ, ಹಣ ಈಸಿಕೊಳ್ಳೋಕೆ ನಿನಗೆ ಅಧಿಕಾರ ಇದೆ. ಈಸಿಕೊಂಡು ವಾರಸುದಾರರಿಗೆ ಹಂಚಬೇಕು.

ಸೋದರಳಿಯ: ಅದು ಗೊತ್ತಿರಲಿಲ್ಲ. ಸರಿ, ಯಾರಿಗೆ ಎಷ್ಟು ಬರುತ್ತೆ?

ಅತ್ತೆ: ಎರಡು ಬಗೆಯ ಆಸ್ತಿ ಇದೆ, ಬೆರೆಸಬೇಡ. ಪೇಟೆ ಮನೆ ಅಣ್ಣ ಸಂಬಳದಲ್ಲಿ ಕಟ್ಟಿಸಿದ್ದು, ಸ್ವಯಾರ್ಜಿತ. ಉಯಿಲು ಬರೆದಿಲ್ಲ. ಹಾಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೊದಲ ವರ್ಗದ ವಾರಸುದಾರರಿಗೆ ಸಮಪಾಲು: ನಿಮ್ಮಮ್ಮ, ನೀನು, ನಿನ್ನ ತಮ್ಮ, ನಿನ್ನ ತಂಗಿ. ನಾಲ್ಕರಲ್ಲಿ ಒಂದೊಂದು. ಇದು ನಿನ್ನೆ ಮೊನ್ನೆಯ ಕಾನೂನಲ್ಲ. ಅಪ್ಪನ ಸ್ವಂತ ದುಡಿಮೆಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಅನ್ನೋದು 1956ರಿಂದಲೇ ಇದೆ. ಜನಕ್ಕೆ ಮುಟ್ಟಿಲ್ಲ, ಅಷ್ಟೆ.

ಸೋದರಳಿಯ: ಹೊಲ? ಅದು ತಾತನದು.

ಅತ್ತೆ: ಅದು ಪಿತ್ರಾರ್ಜಿತ. ಅಲ್ಲಿ ಲೆಕ್ಕ ಬೇರೆ. ಕಕ್ಷಿದಾರರಿಗೆ ನಾನು ಒಂದು ಉದಾಹರಣೆ ಬರೆದು ತೋರಿಸ್ತಿದ್ದೆ. ಒಂಬತ್ತು ಎಕರೆ ಅಂತ ಇಟ್ಟುಕೋ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ಹೋಗಿದಾಳೆ. ಹಳೇ ಪದ್ಧತಿಯಲ್ಲಿ ಅಪ್ಪ ಸತ್ತ ದಿನ ಕಾನೂನು ಮನಸ್ಸಿನಲ್ಲೇ ಒಂದು ಭಾಗ ಮಾಡುತ್ತೆ. ಅಪ್ಪನಿಗೆ ಮೂರು, ಗಂಡುಮಕ್ಕಳಿಗೆ ಮೂರು ಮೂರು. ಮಗಳು ಆ ಪಂಕ್ತಿಯಲ್ಲೇ ಇಲ್ಲ. ಆಮೇಲೆ ಅಪ್ಪನ ಮೂರು ಎಕರೆ ಮೂರೂ ಮಕ್ಕಳಿಗೆ ಒಂದೊಂದು. ಕೊನೆಗೆ ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ಮಗಳಿಗೆ ಒಂದು. ಆ ಒಂದು ಎಕರೆಯನ್ನೂ ನಾನು ನೋಡಿದ ಎಷ್ಟೋ ಮನೆಗಳಲ್ಲಿ ಯಾರೂ ಕೊಟ್ಟಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಮಗಳೂ ಹುಟ್ಟಿನಿಂದಲೇ ಸಹಭಾಗಿ. ಈಗ ಮೊದಲ ಭಾಗವೇ ನಾಲ್ಕು ಪಾಲು. ಅಪ್ಪನ ಪಾಲು ಮತ್ತೆ ಮೂವರಿಗೆ ಸಮನಾಗಿ ಹೋಗುತ್ತೆ. ತಲಾ ಮೂರು ಎಕರೆ. ನಿಮ್ಮ ಹೊಲದಲ್ಲಿ ನಿಮ್ಮಮ್ಮನ ಪಾಲೂ ಸೇರುತ್ತೆ, ಲೆಕ್ಕ ಸ್ವಲ್ಪ ಬದಲಾಗುತ್ತೆ. ಆದ್ರೆ ನಿನಗೂ ನಿನ್ನ ತಂಗಿಗೂ ಒಂದು ಗುಂಟೆಯ ವ್ಯತ್ಯಾಸವೂ ಇರಲ್ಲ.

ಸೋದರಳಿಯ: ಅತ್ತೆ, ಅದೇ ಹೊಲ ನಿಮ್ಮ ಅಪ್ಪನದೂ ತಾನೆ? ನಿಮಗೂ ಬರಬೇಕಿತ್ತಲ್ಲ.

ಅತ್ತೆ: ನೀನೇ ಕೇಳಿದ್ದು ಒಳ್ಳೇದಾಯ್ತು. ನಮ್ಮ ರಾಜ್ಯ ಕೇಂದ್ರಕ್ಕಿಂತ ಮೊದಲೇ ಹೆಣ್ಣುಮಕ್ಕಳಿಗೆ ಸಹಭಾಗಿತ್ವ ಕೊಟ್ಟಿತ್ತು, 1994ರ ಜುಲೈ 30ರಿಂದ. ಆದ್ರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ ಅಂತ ಒಂದು ಗೆರೆ ಎಳೆದಿತ್ತು. ನನ್ನ ಮದುವೆ 1986ರಲ್ಲಿ. 1998ರಲ್ಲಿ ಅಪ್ಪ ಬದುಕಿದ್ದಾಗಲೇ ನನ್ನ ಅಣ್ಣಂದಿರಿಗೆ ಭಾಗ ಮಾಡಿ ವಿಭಾಗ ಪತ್ರ ರಿಜಿಸ್ಟರ್ ಮಾಡಿಸಿದ್ರು. 2005ರ ಕಾಯ್ದೆ ಮದುವೆಯ ಗೆರೆ ಅಳಿಸಿತು, ಆದ್ರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಭಾಗವನ್ನ ಮುಟ್ಟಬಾರದು ಅಂತ ಇನ್ನೊಂದು ಗೆರೆ ಎಳೀತು. ಮಸೂದೆ ರಾಜ್ಯಸಭೆಗೆ ಬಂದ ದಿನ ಅದು. ಎರಡು ಗೆರೆಗಳ ಮಧ್ಯೆ ನಾನು ಬಿದ್ದೆ. ಕಾನೂನು ಬಲ್ಲವಳಾಗಿ ಒಪ್ಪಿಕೊಂಡಿದೀನಿ. ಆದ್ರೆ ನೋವಾಗಿಲ್ಲ ಅಂತ ಹೇಳಲಾರೆ. ನಿನ್ನ ತಂಗಿಗೆ ಇಂಥ ಯಾವ ಗೆರೆಯೂ ಅಡ್ಡ ಇಲ್ಲ. ಅದಕ್ಕೇ ಇವತ್ತು ಇಷ್ಟು ಗಟ್ಟಿಯಾಗಿ ಮಾತಾಡ್ತಿರೋದು.

ಸೋದರಳಿಯ: ಅವಳ ಮದುವೆಗೆ ಅಪ್ಪ ಸಾಲ ಮಾಡಿ ಖರ್ಚು ಮಾಡಿದ್ರು. ಒಡವೆ ಹಾಕಿದ್ರು. ಅದು ಲೆಕ್ಕಕ್ಕೇ ಇಲ್ವಾ?

ಅತ್ತೆ: ಈ ಕರಡಿನಲ್ಲೂ ಅದೇ ಬರೆದಿದಾರೆ ನೋಡು. ಮದುವೆ ಖರ್ಚು, ಒಡವೆ ವಸ್ತ್ರ ಪಡೆದಿದ್ದರಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ... ಊರಿನ ಯಾವ ಬಿಡುಗಡೆ ಪತ್ರ ತೆಗೆದ್ರೂ ಇದೇ ಸಾಲು. ನಿನ್ನ ಎಂಜಿನಿಯರಿಂಗ್ ಡೊನೇಷನ್ ಎಷ್ಟಾಯ್ತು? ನಿನ್ನ ತಮ್ಮನ ಅಂಗಡಿಗೆ ಅಣ್ಣ ಹಾಕಿದ ಬಂಡವಾಳ ಎಷ್ಟು? ಅದನ್ನ ಯಾವ ಪತ್ರದಲ್ಲಿ ಬರೆದಿದೀರಿ? ತಂದೆ ತಾಯಿ ಮಕ್ಕಳಿಗೆ ಮಾಡಿದ ಖರ್ಚಿನಿಂದ ಕಾನೂನು ಯಾರ ಪಾಲನ್ನೂ ಕಳೆಯಲ್ಲ. ಸಾಲ ಬಾಕಿ ಇದ್ರೆ ಅದು ಬೇರೆ ಮಾತು, ಅದರಲ್ಲಿ ಮಗಳೂ ಹೊರಬೇಕು. ಸಮಪಾಲು ಅಂದ್ರೆ ಹೊಣೆಯೂ ಸಮ ಅಂತ ಮಗಳನ್ನ ಸಹಭಾಗಿ ಮಾಡಿದ ಕಲಮೇ ಹೇಳುತ್ತೆ.

ಸೋದರಳಿಯ: ಕೊನೇ ಕಾಲದಲ್ಲಿ ಅಪ್ಪನನ್ನ ನೋಡಿಕೊಂಡವನು ನಾನು. ಡಯಾಲಿಸಿಸ್‌ಗೆ ಕರಕೊಂಡು ಹೋಗೋದು, ರಾತ್ರಿ ಎದ್ದು ಕೂರಿಸೋದು. ತಂಗಿ ಬೆಂಗಳೂರಿನಲ್ಲಿ, ತಮ್ಮ ಅವನ ಪಾಡಿಗೆ ಅವನು.

ಅತ್ತೆ: ಅದನ್ನ ನಾನು ಕಣ್ಣಾರೆ ಕಂಡಿದೀನಿ ಮಗ. ನಿನ್ನ ಹೆಂಡತಿ ಪಟ್ಟ ಪಾಡನ್ನೂ ಕಂಡಿದೀನಿ. ಅದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಉಯಿಲಿಲ್ಲದೆ ಸತ್ತವನ ಆಸ್ತಿಯನ್ನ ಕಾನೂನು ಸಂಬಂಧ ನೋಡಿ ಹಂಚುತ್ತೆ, ಯಾರು ರಾತ್ರಿ ಎದ್ದರು ಅಂತ ನೋಡಲ್ಲ. ಇದನ್ನ ಸರಿಪಡಿಸೋ ಶಕ್ತಿ ಇದ್ದಿದ್ದು ನಮ್ಮಣ್ಣನಿಗೆ ಒಬ್ಬನಿಗೇ. ಸ್ವಯಾರ್ಜಿತವನ್ನ ಪೂರ್ತಿ, ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನ, ಯಾರಿಗೆ ಬೇಕಾದ್ರೂ ಉಯಿಲು ಬರೆಯಬಹುದಿತ್ತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ್ರೆ ಸಾಕಿತ್ತು. ರಿಜಿಸ್ಟರ್ ಮಾಡಿಸೋದು ಕಡ್ಡಾಯವೂ ಅಲ್ಲ, ಮಾಡಿಸಿದ್ರೆ ಒಳ್ಳೇದು. ಎಷ್ಟು ಸಲ ಹೇಳಿದೆ! ಉಯಿಲು ಅಂದ್ರೆ ಸಾವು ಕರೆದ ಹಾಗೆ ಅಂತ ಮಾತು ತಿರುಗಿಸಿಬಿಡೋನು. ನಮ್ಮ ಹಿರಿಯರು ಮಕ್ಕಳಿಗೆ ಆಸ್ತಿ ಮಾಡೋಕೆ ಜೀವ ತೇಯ್ತಾರೆ, ಅದು ಯಾರಿಗೆ ಯಾಕೆ ಅಂತ ಒಂದು ಹಾಳೆ ಬರೆಯೋಕೆ ಹೆದರ್ತಾರೆ. ಅವರು ಬರೆಯದೆ ಬಿಟ್ಟ ಹಾಳೆಗಾಗಿ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಿ ಇಳೀತಾರೆ.

ಸೋದರಳಿಯ: ತಂಗಿಗೆ ಕೊಟ್ರೆ ಆಸ್ತಿ ಬೇರೆ ಮನೆಗೆ ಹೋಗುತ್ತೆ ಅಂತ ಚಿಕ್ಕಪ್ಪ ಹೇಳ್ತಾರೆ.

ಅತ್ತೆ: ಯಾವ ಬೇರೆ ಮನೆ? ಅವಳಿಗೆ ಮಕ್ಕಳಿದ್ರೆ ಅವಳ ನಂತರ ಮಕ್ಕಳಿಗೂ ಗಂಡನಿಗೂ ಹೋಗುತ್ತೆ. ಆ ಮಕ್ಕಳಿಗೆ ನೀನು ಸೋದರಮಾವ. ಮಕ್ಕಳೇ ಇಲ್ಲದೆ, ಉಯಿಲೂ ಇಲ್ಲದೆ ಹೋದ್ರೆ, ಅಪ್ಪ ಅಮ್ಮನಿಂದ ಬಂದ ಆಸ್ತಿ ಗಂಡನ ಕಡೆಗೆ ಹೋಗಲ್ಲ, ತಿರುಗಿ ಅಪ್ಪನ ವಾರಸುದಾರರಿಗೇ ಬರುತ್ತೆ. ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಎರಡನೇ ಉಪಕಲಮು. ಚಿಕ್ಕಪ್ಪನಿಗೆ ಓದಿ ಹೇಳು.

ಸೋದರಳಿಯ: ಹೆಣ್ಣಿಗೆ ಹೊಲ ಕೊಡೋದು ನಮ್ಮಲ್ಲಿ ಮೊದಲಿಂದಲೂ ಇರಲಿಲ್ಲವಲ್ಲ, ಅದಕ್ಕೆ ಜನ ಹಾಗಂತಾರೆ.

ಅತ್ತೆ: ‘ನಮ್ಮಲ್ಲಿ’ ಅಂದ್ರೆ ಎಲ್ಲಿ? ಘಟ್ಟ ಇಳಿದು ತುಳುನಾಡಿಗೆ ಹೋಗು. ಅಳಿಯಸಂತಾನದ ಬಂಟರು, ಬಿಲ್ಲವರ ಮನೆಗಳಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದಲೇ ಹರೀತಿತ್ತು. ಗಂಡಸಿನ ನಂತರ ಅವನ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಯಜಮಾನಿಕೆ ಹೆಂಗಸಿಗೂ ಬರ್ತಿತ್ತು. ಅಲ್ಲಿ ತಂದೆಯ ಮನೆ ಮಕ್ಕಳಿಗೆ ‘ಬೇರೆ ಮನೆ’. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳ, ಅಂದ್ರೆ ತಾಯಿಯ ಕಡೆಯ ಕವಲುಗಳ, ಲೆಕ್ಕದಲ್ಲಿ ಭಾಗ ಕೇಳೋಕೆ ದಾರಿ ಮಾಡಿತು, 1956ರ ಕಾಯ್ದೆ ಅವರನ್ನೂ ಒಳಕ್ಕೆ ತಂತು. ಒಂದೇ ರಾಜ್ಯ, ಮಧ್ಯೆ ಒಂದು ಘಟ್ಟ. ಈ ಕಡೆ ಮಗಳು ಹೊರಗಿನವಳು, ಆ ಕಡೆ ಮಗ ಹೊರಗಿನವನು. ಎರಡೂ ಕಡೆಯವರು ಇದೇ ಸನಾತನ ಅಂದುಕೊಂಡಿದ್ರು. ಇನ್ನು ನಮ್ಮ ಮೈಸೂರು ಸಂಸ್ಥಾನವನ್ನೇ ನೋಡು. 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಭಾಗವಾಗುವಾಗ ಹೆಂಗಸರಿಗೂ ಒಂದಷ್ಟು ಪಾಲು ಇಟ್ಟಿತ್ತು. ಸಮಪಾಲಲ್ಲ, ಆದ್ರೂ ಆ ಕಾಲಕ್ಕೆ ದೊಡ್ಡ ಹೆಜ್ಜೆ.

ಸೋದರಳಿಯ: ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ರೆ ಮಗಳಿಗೆ ಇಲ್ಲ ಅಂತ ಕೇಳಿದ್ದೆ. ಪಕ್ಕದ ಬೀದಿಯೋರ ಕೇಸಲ್ಲಿ ವಕೀಲರು ಹಾಗೇ ಹೇಳಿದ್ರಂತೆ.

ಅತ್ತೆ: ಒಂದು ಕಾಲಕ್ಕೆ ಸರಿ. ಈ ಕಾನೂನಿನ ದೊಡ್ಡ ಜಗಳಗಳಲ್ಲಿ ಎರಡು ನಡೆದಿದ್ದು ನಮ್ಮ ಉತ್ತರ ಕರ್ನಾಟಕದ ಮನೆಗಳ ಮೇಲೇ. ಬೆಳಗಾವಿಯಲ್ಲಿ ಹುಟ್ಟಿದ ಫೂಲವತಿ ಪ್ರಕರಣದಲ್ಲಿ, 2015ರಲ್ಲಿ, ಅಪ್ಪನೂ ಮಗಳೂ ಇಬ್ಬರೂ 2005ರ ಸೆಪ್ಟೆಂಬರ್ 9ರಂದು ಬದುಕಿರಬೇಕು ಅಂತ ಸುಪ್ರೀಂ ಕೋರ್ಟು ಹೇಳ್ತು. 2018ರಲ್ಲಿ ದಾನಮ್ಮ ಪ್ರಕರಣ ಬಂತು. ಅಲ್ಲಿ ಅಪ್ಪ ಸತ್ತಿದ್ದು 2001ರಲ್ಲಿ. ಆದ್ರೂ ಇಬ್ಬರು ಹೆಣ್ಣುಮಕ್ಕಳಿಗೂ ತಲಾ ಐದನೇ ಒಂದು ಪಾಲು ಸಿಕ್ತು. ಒಂದೇ ಕೋರ್ಟಿನ ಎರಡು ದಾರಿ. ಕೆಳಗಿನ ಕೋರ್ಟುಗಳಲ್ಲಿ ಯಾವುದನ್ನ ಹಿಡಿಯಬೇಕು ಅಂತ ಗೊಂದಲವೋ ಗೊಂದಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನ ಬಗೆಹರಿಸ್ತು. ಹಕ್ಕು ಹುಟ್ಟಿನಿಂದ ಬರುತ್ತೆ, ಆದ್ದರಿಂದ ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಅಂತ. ಪಕ್ಕದ ಬೀದಿಯೋರಿಗೆ ತಿಳಿಸು, ಅವರ ಕೇಸು ಇನ್ನೂ ಬಾಕಿ ಇದ್ರೆ ಅದರ ಗತಿಯೇ ಬೇರೆ.

ಸೋದರಳಿಯ: ಇಷ್ಟೆಲ್ಲ ಇದ್ದರೂ, ಅವಳೇ ಬೇಡ ಅಂತಿದಾಳೆ ಅತ್ತೆ. ನಾನು ಬಲವಂತ ಮಾಡಿಲ್ಲ.

ಅತ್ತೆ: ಮಾಡಿಲ್ಲ, ನಂಬ್ತೀನಿ. ಆದ್ರೆ ಅವಳು ಯಾಕೆ ಬೇಡ ಅಂತಾಳೆ ಅಂತ ಯೋಚಿಸಿದೀಯಾ? ಭಾಗ ಕೇಳಿದ ಹೆಣ್ಣುಮಗಳಿಗೆ ಗೌರಿಹಬ್ಬದ ಬಾಗಿನ ನಿಂತುಹೋಗೋದನ್ನ ನಾವೆಲ್ಲ ನೋಡಿದೀವಿ. ಬಾಣಂತನಕ್ಕೆ ಕರೆಯಲ್ಲ, ಮಗಳ ಮದುವೆಗೆ ಸೋದರಮಾವ ಬರಲ್ಲ. ಗಂಡನ ಮನೆಯಲ್ಲಿ ಕಷ್ಟ ಬಂದ್ರೆ ನಾಳೆ ಯಾರ ಬಾಗಿಲಿಗೆ ಹೋಗಲಿ ಅನ್ನೋ ಹೆದರಿಕೆ. ಆ ಬಾಗಿಲು ತೆರೆದಿರಲಿ ಅಂತ ಅವಳು ಕೊಡೋ ಬೆಲೆಯೇ ಈ ಸಹಿ. ನೀನು ಕೇಳಿಲ್ಲ, ಅವಳು ಹೇಳಿಲ್ಲ, ಇಬ್ಬರಿಗೂ ಗೊತ್ತು. ಅದಕ್ಕೇ ಅವಳು ಎಷ್ಟು ಅಂತ ಕೇಳದೆ ಎಲ್ಲಿ ಅಂತ ಮಾತ್ರ ಕೇಳಿದ್ದು.

ಸೋದರಳಿಯ: ...ಹಾಗೆ ಯೋಚಿಸಿರಲಿಲ್ಲ.

ಅತ್ತೆ: ಒಂದು ದಾವೆ ಹೇಳ್ತೀನಿ, ಊರು ಹೆಸರು ಬೇಡ. ಇಬ್ಬರು ಅಕ್ಕಂದಿರು ಇಡೀ ಜೀವಮಾನ ಬಾಯಿ ಬಿಡದೆ ಇದ್ದರು. ಮಳೆಯಾಶ್ರಯದ ಜಮೀನು, ತಮ್ಮಂದಿರೇ ತಿನ್ನಲಿ ಅಂತ. ಹೆದ್ದಾರಿಗೆ ಜಮೀನು ಹೋಯ್ತು, ಪರಿಹಾರದ ನೋಟಿಸು ಖಾತೆದಾರರಿಗೆ ಮಾತ್ರ ಬಂತು. ಅಕ್ಕಂದಿರಿಗೆ ಒಂದು ಮಾತೂ ಹೇಳದೆ ತಮ್ಮಂದಿರು ಹಣ ಹಂಚಿಕೊಳ್ಳೋಕೆ ಹೊರಟರು. ಆಗ ದೊಡ್ಡಕ್ಕ ನನ್ನ ಹತ್ತಿರ ಬಂದರು. ಹಣಕ್ಕಿಂತ ಹೆಚ್ಚಾಗಿ, ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ ಅಂತ ಅತ್ತರು. ಪ್ರಾಥಮಿಕ ಡಿಕ್ರಿ ಆಯ್ತು, ಅಪೀಲಾಯ್ತು. ಅಂತಿಮ ಡಿಕ್ರಿಗೆ ಕಮಿಷನರು ಸರಪಳಿ ಹಿಡಿದು ಜಮೀನು ಅಳೆಯೋ ಹೊತ್ತಿಗೆ ಆ ತಾಯಿ ಇರಲಿಲ್ಲ. ಅವರ ಮಕ್ಕಳನ್ನ ವಾರಸುದಾರರು ಅಂತ ದಾವೆಗೆ ಸೇರಿಸಿದೆ. ತಮ್ಮಂದಿರಲ್ಲೂ ಒಬ್ಬರು ಹೋದರು. ಕೊನೆಗೆ ಕೋರ್ಟು ಹಾಲಿನಲ್ಲಿ ಎದುರುಬದುರು ನಿಂತಿದ್ದವರು ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು. ಒಬ್ಬರ ಮುಖ ಒಬ್ಬರಿಗೆ ಪರಿಚಯ ಆಗಿದ್ದೇ ಅಲ್ಲಿ.

ಸೋದರಳಿಯ: ಹಾಗಂತ ಹೊಲವನ್ನ ಚೂರು ಚೂರು ಮಾಡಿದ್ರೆ ಯಾರಿಗೆ ಪ್ರಯೋಜನ? ನಾಲ್ಕು ತುಂಡಾದ್ರೆ ಕೊಳವೆಬಾವಿ ಯಾರಿಗೆ, ದಾರಿ ಯಾರಿಗೆ?

ಅತ್ತೆ: ಇದು ನಿಜವಾದ ಪ್ರಶ್ನೆ. ಇದನ್ನ ಮೊದಲೇ ಕೇಳಬೇಕಿತ್ತು. ಪಾಲಿದೆ ಅಂದ ಮಾತ್ರಕ್ಕೆ ಬದು ಹಾಕಲೇಬೇಕು ಅಂತಿಲ್ಲ. ಖಾತೆ ಜಂಟಿಯಾಗಿರಲಿ, ಸಾಗುವಳಿ ನೀನು ಮಾಡು, ಬೆಳೆಯಲ್ಲಿ ಖರ್ಚು ಕಳೆದು ಅವಳ ಪಾಲು ಕೊಡು. ಸಾಲಕ್ಕೆ ಬೇಕಾದಾಗ ಉಳಿದವರಿಂದ ಒಪ್ಪಿಗೆ ಪತ್ರ ತಗೋ. ಇಲ್ಲ, ಅವಳ ಪಾಲನ್ನ ನೀವಿಬ್ಬರೂ ಕೊಂಡುಕೊಳ್ಳಿ. ಅವಳು ಹೊರಗಿನವರಿಗೆ ಮಾರೋಕೆ ಹೊರಟರೂ, ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನ ಪ್ರಕಾರ ಕೊಳ್ಳೋ ಮೊದಲ ಹಕ್ಕು ಉಳಿದ ವಾರಸುದಾರರದು. ಬೆಲೆ ಹೊಂದದಿದ್ರೆ ಕೋರ್ಟು ಗೊತ್ತು ಮಾಡುತ್ತೆ. ಇದು ಕೃಷಿ ಜಮೀನಿಗೂ ಅನ್ವಯಿಸುತ್ತೆ ಅಂತ 2019ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಹೊಲ ಒಡೆಯದೆ ಇರೋಕೆ ದಾರಿಗಳಿವೆ. ತಂಗಿಗೆ ಸೊನ್ನೆ ಅನ್ನೋದು ಅವುಗಳಲ್ಲಿ ಒಂದಲ್ಲ.

ಸೋದರಳಿಯ: ಅವಳು ಪೂರ್ತಿ ತಿಳಿದೂ ಬಿಡ್ತೀನಿ ಅಂದ್ರೆ?

ಅತ್ತೆ: ಬಿಡಲಿ. ಅದು ಅವಳ ಆಸ್ತಿ, ಅವಳ ಮನಸ್ಸು. ಆದ್ರೆ ನಿನ್ನ ಪತ್ರ ಬರೆಯೋರ ಮಾತು ಕೇಳಿ ಅಲ್ಲ. ಅವಳ ಕಡೆಯ ವಕೀಲರೊಬ್ಬರು ಕೂತು, ಸರ್ವೆ ನಂಬರು, ವಿಸ್ತೀರ್ಣ, ಇವತ್ತಿನ ಬೆಲೆ ಎಲ್ಲ ಹೇಳಿದ ಮೇಲೆ. ರಿಜಿಸ್ಟರ್ ಆದ ಬಿಡುಗಡೆ ಪತ್ರ ಅವಳು ಮನಸ್ಸು ಬದಲಾಯಿಸಿದ ಮಾತ್ರಕ್ಕೆ ಹಿಂದಕ್ಕೆ ಬರಲ್ಲ. ಮೋಸವೋ ಬಲವಂತವೋ ಆಗಿದೆ ಅಂತ ರದ್ದು ಮಾಡಿಸಬೇಕಾದ್ರೆ ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹಾಕಿ ಸಾಬೀತು ಮಾಡಬೇಕು. ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಸೋದರಳಿಯ: ಅಪ್ಪ ಇದ್ದಾಗಲೇ ಮನೆ ವಿಷಯಕ್ಕೆ ಅವಳಿಂದ ಒಂದು ಬಾಂಡ್ ಪೇಪರಲ್ಲಿ ಬರೆಸಿಕೊಂಡಿದ್ದರಂತೆ. ಅದಕ್ಕೆ ಬೆಲೆ ಇದೆಯಾ?

ಅತ್ತೆ: ಇಲ್ಲ. ಅಪ್ಪ ಬದುಕಿದ್ದಾಗ ಅವನ ಸ್ವಯಾರ್ಜಿತದಲ್ಲಿ ಮಕ್ಕಳಿಗೆ ಇರೋದು ಬರೀ ನಿರೀಕ್ಷೆ. ಮುಂದೆ ಬರಬಹುದಾದ ಅಂಥ ನಿರೀಕ್ಷೆಯನ್ನ ಪರಭಾರೆ ಮಾಡೋಕೆ ಸ್ವತ್ತು ವರ್ಗಾವಣೆ ಕಾಯ್ದೆ ಬಿಡಲ್ಲ. ಆ ಕಾಗದ ತೋರಿಸಿ ಅವಳನ್ನ ಹೆದರಿಸೋಕೆ ಯಾರಿಗೂ ಬಿಡಬೇಡ. ಇನ್ನೊಂದು. ಈ ಕರಡಿನ ಕೊನೇ ಪುಟದಲ್ಲಿ ನಿಮ್ಮಮ್ಮನ ಹೆಬ್ಬೆಟ್ಟಿಗೂ ಜಾಗ ಬಿಟ್ಟಿದಾರೆ.

ಸೋದರಳಿಯ: ಅಮ್ಮ ಹೇಗೂ ನಮ್ಮ ಜೊತೆಗೇ ಇರ್ತಾರಲ್ಲ ಅಂತ...

ಅತ್ತೆ: ಇರಲಿ, ಚೆನ್ನಾಗಿ ನೋಡಿಕೊಳ್ತೀರಿ ಅಂತಲೂ ಗೊತ್ತು. ಆದ್ರೂ ಬೇಡ. 1956ಕ್ಕೆ ಮುಂಚೆ ವಿಧವೆಗೆ ಸಿಕ್ತಿದ್ದ ಆಸ್ತಿ ಬದುಕಿರೋವರೆಗೆ ಅನುಭವಿಸೋದಕ್ಕೆ ಮಾತ್ರ. ತನ್ನಿಷ್ಟಕ್ಕೆ ಮಾರೋ ಹಾಗಿಲ್ಲ, ಕೊಡೋ ಹಾಗಿಲ್ಲ. ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು ಬಂದು ಅದನ್ನ ಪೂರ್ತಿ ಅವಳದೇ ಮಾಡಿತು. ನನ್ನ ಪ್ರಕಾರ ಇಡೀ ಕಾಯ್ದೆಯಲ್ಲಿ ಅತಿ ದೊಡ್ಡ ಸಾಲು ಅದು. ಆ ನಾಲ್ಕನೇ ಒಂದು ಪಾಲು ಹೆಸರಲ್ಲಿರೋವರೆಗೆ ಆ ಮನೆಯಲ್ಲಿ ಅತ್ತಿಗೆ ಯಾರ ದಯೆಯಲ್ಲೂ ಇರಬೇಕಿಲ್ಲ. ಗಂಡನನ್ನ ಕಳಕೊಂಡ ತಿಂಗಳಲ್ಲೇ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆಯನ್ನೂ ಕಳೀಬೇಡಿ.

ಸೋದರಳಿಯ: ಹಾಗಾದ್ರೆ ಗುರುವಾರ ತಂಗಿಗೆ ಬರಬೇಡ ಅಂತ ಹೇಳ್ಲಾ?

ಅತ್ತೆ: ಬರಲಿ, ಅಮ್ಮನ ಜೊತೆ ನಾಲ್ಕು ದಿನ ಇರಲಿ. ನೀನು ನಾಡಕಚೇರಿಗೆ ಹೋಗಿ ನಾಲ್ಕೂ ಹೆಸರಿರೋ ವಂಶವೃಕ್ಷಕ್ಕೆ ಹೊಸ ಅರ್ಜಿ ಕೊಡು, ಅದರ ಮೇಲೆ ಜಂಟಿಯಾಗಿ ಪೌತಿ ಖಾತೆ ಕೇಳು. ನಿನ್ನ ಸಾಲ, ಪರಿಹಾರ ಯಾವುದೂ ನಿಲ್ಲಲ್ಲ. ಅಣ್ಣನ ವರ್ಷದ ಕಾರ್ಯ ಮುಗಿಯೋವರೆಗೆ ಅವಳ ಮುಂದೆ ಸಹಿಯ ಮಾತು ಎತ್ತಬೇಡಿ. ಹಕ್ಕು ಬಿಡೋದಕ್ಕೆ ಯಾವ ಕಾನೂನೂ ಗಡುವು ಇಟ್ಟಿಲ್ಲ.